ಬೀಗ ನಿಮ್ಮದು, ಕೀಲಿ ಕೇಳುವವರು ಅವರು!

ಅಮೆರಿಕದಲ್ಲಿರುವ ಮಗಳ ಬಾಣಂತನಕ್ಕೆ ಹೊರಟ ತಾಯಿಗೆ ಚಿಂತೆಯೆಲ್ಲ ಉಪ್ಪಿನಕಾಯಿ ಬಾಟ್ಲಿಯದ್ದೇ. ಕಸ್ಟಂಸ್‌ನವರು ಬಿಡ್ತಾರೋ, ಕಸದ ಬುಟ್ಟಿಗೆ ಹಾಕ್ತಾರೋ? ಆದರೆ ಕೈಚೀಲದಲ್ಲಿರುವ ಮೊಬೈಲನ್ನೂ ಅವರು ಬಿಚ್ಚಿ ನೋಡಬಹುದೆಂಬುದು ಎಷ್ಟು ಜನಕ್ಕೆ ಗೊತ್ತು?

ಇದು ಬರೀ ಗಾಳಿಮಾತಲ್ಲ. 2017ರ ಜನವರಿಯಲ್ಲಿ ನಾಸಾ ಪ್ರಯೋಗಾಲಯದ ಎಂಜಿನಿಯರ್ ಒಬ್ಬರು ಚಿಲಿ ಪ್ರವಾಸ ಮುಗಿಸಿ ಹ್ಯೂಸ್ಟನ್ ವಿಮಾನ ನಿಲ್ದಾಣದಲ್ಲಿ ಇಳಿದರು. ಹುಟ್ಟಿನಿಂದಲೇ ಅಮೆರಿಕದ ಪ್ರಜೆ. ಕೈಯಲ್ಲಿದ್ದದ್ದು ಕಚೇರಿ ಕೊಟ್ಟ ಫೋನು. ಆದರೂ ಅಧಿಕಾರಿಗಳು ಪಿನ್ ನಂಬರು ಕೇಳಿ ಪಡೆದು, ಫೋನನ್ನು ಒಳಗೆ ಒಯ್ದರು. ಸುಮಾರು ಅರ್ಧ ಗಂಟೆಯ ಮೇಲೆ ವಾಪಸು ಬಂತು. ಅಷ್ಟರಲ್ಲಿ ಏನೇನು ನೋಡಿದರೋ, ದೇವರೇ ಬಲ್ಲ!

ಅವರೂ ಇನ್ನು ಹತ್ತು ಮಂದಿಯೂ ಅದೇ ವರ್ಷ ಕೋರ್ಟು ಮೆಟ್ಟಿಲು ಹತ್ತಿದರು. ಬಂಧಿತನ ಮೊಬೈಲ್ ಜಾಲಾಡಲು ಪೊಲೀಸರಿಗೂ ವಾರಂಟ್ ಬೇಕೆಂದು ಅಲ್ಲಿನ ಸುಪ್ರೀಂ ಕೋರ್ಟು 2014ರಲ್ಲೇ ಹೇಳಿತ್ತು. ಗಡಿಯಲ್ಲಿ ಮಾತ್ರ ಆ ಮಾತು ನಡೆಯಲಿಲ್ಲ. 2019ರಲ್ಲಿ ಬಾಸ್ಟನ್ ನ್ಯಾಯಾಲಯ ಪ್ರಯಾಣಿಕರ ಪರ ನಿಂತರೆ, 2021ರಲ್ಲಿ ಮೇಲಿನ ಕೋರ್ಟು ತೀರ್ಪನ್ನು ತಿರುವಿ ಹಾಕಿತು. ಸುಪ್ರೀಂ ಕೋರ್ಟು ಮೇಲ್ಮನವಿಯನ್ನು ಕೈಗೆತ್ತಿಕೊಳ್ಳಲೇ ಇಲ್ಲ.

ಅಲ್ಲಿನ ಗಡಿ ಇಲಾಖೆಯ 2018ರ ನಿಯಮದಂತೆ, ಫೋನು ಕೈಯಲ್ಲಿ ಹಿಡಿದು ಫೋಟೋ, ಮೆಸೇಜು ನೋಡಲು ಅನುಮಾನವೇ ಬೇಕಿಲ್ಲ. ಯಂತ್ರಕ್ಕೆ ಜೋಡಿಸಿ ನಕಲು ಮಾಡಿಕೊಳ್ಳಬೇಕಾದರೆ ತಕ್ಕ ಅನುಮಾನವೋ ದೇಶದ ಭದ್ರತೆಯ ಕಾರಣವೋ ಬೇಕು. ಇಂಟರ್‌ನೆಟ್ ಕಡಿದು, ಫೋನಿನೊಳಗೆ ಇರುವುದನ್ನಷ್ಟೇ ನೋಡಬೇಕು.

‘ಕೊಡಲ್ಲ’ ಅಂದರೆ? ಅವರದೇ ಪ್ರಜೆಯಾದರೆ ಫೋನು ಅಲ್ಲೇ ಉಳಿದೀತು, ಆಸಾಮಿ ಮನೆ ಸೇರಬಹುದು. ವೀಸಾ ಹಿಡಿದು ಹೋದವರನ್ನು ಬಂದ ದಾರಿಯಲ್ಲೇ ವಾಪಸು ಕಳಿಸಲೂಬಹುದು! ನ್ಯೂಜಿಲೆಂಡಿನಲ್ಲಂತೂ 2018ರ ಕಾನೂನಿನಂತೆ ಅಲ್ಲಿನ 5,000 ಡಾಲರ್‌ವರೆಗೆ ದಂಡ.

ಹಾಗೆಂದು ಟಿಕೆಟ್ ರದ್ದು ಮಾಡಬೇಕಿಲ್ಲ. ಅಮೆರಿಕದಲ್ಲಿ ಹೀಗೆ ಫೋನು ಬಿಚ್ಚಿಸಿಕೊಳ್ಳುವವರು ಹತ್ತು ಸಾವಿರ ಪ್ರಯಾಣಿಕರಲ್ಲಿ ಸುಮಾರು ಒಬ್ಬರು. ಆ ಒಬ್ಬರು ಯಾರೆಂದು ಮೊದಲೇ ಗೊತ್ತಾಗುವುದಿಲ್ಲ, ಅಷ್ಟೇ.

ಆದ್ದರಿಂದ ಹೊರಡುವ ಮೊದಲೇ ಬೇಡದ ಫೋಟೋ, ಬ್ಯಾಂಕಿನ ಕಾಗದ, ಡಾಕ್ಟರ ರಿಪೋರ್ಟು ಮನೆಯಲ್ಲೇ ಬಿಟ್ಟುಹೋಗುವುದು ಜಾಣತನ. ವಿಮಾನ ಇಳಿಯುವ ಮುಂಚೆ ಫೋನು ಪೂರ್ತಿ ಆರಿಸಿಡುವುದು ಲೇಸು. ಅಧಿಕಾರಿಯ ಮುಂದೆ ಸುಳ್ಳು ಮಾತ್ರ ಬೇಡ.

ಉಪ್ಪಿನಕಾಯಿ ಹೋದರೆ ಮುಂದಿನ ವರ್ಷ ಮತ್ತೆ ಹಾಕಬಹುದು. ಮನೆಯ ಗುಟ್ಟು ಒಮ್ಮೆ ಪರರ ಕಣ್ಣಿಗೆ ಬಿದ್ದರೆ ವಾಪಸು ತರುವವರು ಯಾರು?