ಮೌಗ್ಲಿಯ ಗಡಿಯಾರ, ತಾಪಿಯ ಭರತ

ಡಿಸ್ನಿಯ 1967ರ ಕಾರ್ಟೂನ್ ಚಿತ್ರದ ಹಕ್ಕು ಪಡೆದು ವರ್ಜಿನ್ ಸಂಸ್ಥೆ 1994ರಲ್ಲಿ ‘ದಿ ಜಂಗಲ್ ಬುಕ್’ ವಿಡಿಯೊ ಗೇಮ್ ಹೊರತಂದಿತು. ಡಿಸ್ನಿಯ ಹಳೆಯ ಆಟಗಳ ಸಂಗ್ರಹದಲ್ಲಿ 2021ರಲ್ಲಿ ಅದು ಮತ್ತೆ ಬಂತು. ಗುಜರಾತಿನ ಮೂರು ಊರುಗಳಲ್ಲಿ ಹಗಲೆಲ್ಲ ಪ್ರಾಣಿಗಳನ್ನು ನೋಡಿ, ರಾತ್ರಿ ಕೋಣೆಯಲ್ಲಿ ಈ ಆಟ ಆಡುತ್ತ ಬರೆದಿಟ್ಟ ಟಿಪ್ಪಣಿಗಳಿವು.

ಅಹಮದಾಬಾದ್, ಬೆಳಿಗ್ಗೆ. ತಾರಸಿಯ ನೀರಿನ ಟ್ಯಾಂಕಿನ ಮೇಲೆ ಗಂಡು ಮುಸುವ ಕೂತಿದೆ. ಕೆಳಗೆ ಹೆಣ್ಣುಗಳು, ಮರಿಗಳು ಬೇವಿನ ಚಿಗುರು ಮುಕ್ಕುತ್ತಿವೆ. ಹಲವು ಕೋಣೆಗಳ ಹೊಟ್ಟೆಯಲ್ಲಿ ಎಲೆ ಹುದುಗಿ ಅರಗಬೇಕು. ಹಾಗಾಗಿ ಮೇವು ಮುಗಿದರೆ ದೀರ್ಘ ವಿಶ್ರಾಂತಿ. ಒಂದು ಇನ್ನೊಂದರ ಬೆನ್ನಿನ ಕೂದಲು ಬಿಡಿಸುತ್ತದೆ. ನನ್ನತ್ತ ಯಾವುದೂ ನೋಡದು.

ಆಟದ ಕೋತಿಗಳಿಗೆ ಬಿಡುವೇ ಇಲ್ಲ. ಆಟದ ನಾಯಕ, ಕಾಡಿನ ಹುಡುಗ ಮೌಗ್ಲಿ ಹತ್ತಿರ ಬಂದರೆ ಹೊಡೆಯುವುದೇ ಕೆಲಸ. ಅವನ ಆಯುಧ ಬಾಳೆಹಣ್ಣು. ಎಷ್ಟು ಎಸೆದರೂ ಒಂದು ಕೋತಿಯೂ ಅದನ್ನು ಹಿಡಿದು ತಿನ್ನುವುದಿಲ್ಲ! ಆದರೆ ಮೌಗ್ಲಿಯ ಮೈಯನ್ನು ಮಾಡಿದವರು ನಿಜಕ್ಕೂ ಕಣ್ಣಿಟ್ಟು ನೋಡಿದ್ದಾರೆ. ಬಳ್ಳಿ ಹಿಡಿದು ತೂಗುವಾಗ, ಓಡಿ ಬಂದು ನಿಲ್ಲುವಾಗ ದೇಹದ ಭಾರ ಎಲ್ಲಿದೆಯೆಂದು ಕಾಣುತ್ತದೆ. ಆಟದ ದೊಡ್ಡ ಬಲ ಇದೇ.

ವಡೋದರಾ, ಮಧ್ಯಾಹ್ನ. ಪಾವಾಗಢದ ಬೆಟ್ಟಗಳಲ್ಲಿ ಹುಟ್ಟುವ ವಿಶ್ವಾಮಿತ್ರಿ ಊರ ನಡುವೆ ಹರಿಯುತ್ತದೆ. ದಂಡೆಯ ಮೇಲೆ ಮೊಸಳೆಯೊಂದು ಬಾಯಿ ತೆರೆದು ಬಿಸಿಲು ಕಾಯುತ್ತಿದೆ. ಮೈ ಹೆಚ್ಚು ಕಾಯದಂತೆ ನೋಡಿಕೊಳ್ಳುವ ಉಪಾಯವದು. ಬಹಳ ಹೊತ್ತು ಕಾದೆ, ಅಲುಗಲಿಲ್ಲ. 2024ರ ಆಗಸ್ಟಿನ ನೆರೆಯಲ್ಲಿ ಇವು ಬೀದಿಗಳಿಗೇ ಬಂದಿದ್ದವು. ಮೂರು ದಿನಗಳಲ್ಲಿ 24 ಮೊಸಳೆಗಳನ್ನು ವಸತಿ ಪ್ರದೇಶಗಳಿಂದ ಹಿಡಿದು ಸಾಗಿಸಲಾಯಿತು. ಅವು ಯಾರ ಮೇಲೂ ದಂಡೆತ್ತಿ ಬಂದಿರಲಿಲ್ಲ, ನೀರು ಏರಿತ್ತು.

ಆಟದ ಹುಲಿ ಶೇರ್ ಖಾನ್‌ಗೆ ಹಾಗೆ ಜಾಗ ಬಿಟ್ಟು ಹೋಗುವ ಸ್ವಾತಂತ್ರ್ಯವಿಲ್ಲ. ಮೌಗ್ಲಿ ಬರುವವರೆಗೆ ಕೊನೆಯ ಘಟ್ಟದಲ್ಲಿ ಕಾಯಬೇಕು. ಹಕ್ಕು ಪಡೆದ ಆಟದ ಲಾಭ, ಮಕ್ಕಳಿಗೆ ಯಾರ ಪರಿಚಯವನ್ನೂ ಮಾಡಿಕೊಡಬೇಕಿಲ್ಲ. ನಷ್ಟವೆಂದರೆ ಚಿತ್ರದ ತಪ್ಪುಗಳೂ ಹಕ್ಕಿನ ಜೊತೆಗೇ ಬರುತ್ತವೆ. ಚಿತ್ರಕ್ಕೆ ಮೂಲವಾದ ಕಿಪ್ಲಿಂಗ್‌ನ ಪುಸ್ತಕದಲ್ಲಿ ಮೌಗ್ಲಿಯ ಗೆಳೆಯನಾಗಿದ್ದ ಹೆಬ್ಬಾವು ಕಾ ಚಿತ್ರದಲ್ಲಿ ಖಳನಾಯಿತು, ಆಟದಲ್ಲೂ ಖಳನೇ. ಒರಾಂಗುಟಾನ್ ಭಾರತದ ಕಾಡುಗಳಲ್ಲಿಲ್ಲ, ಪುಸ್ತಕದಲ್ಲೂ ಇಲ್ಲ. ಆದರೂ ಕಿಂಗ್ ಲೂಯಿ ಎಂಬ ಒರಾಂಗುಟಾನ್ ಇಲ್ಲಿ ಹಾಜರು.

ಸೂರತ್, ಸಂಜೆ. ತಾಪಿ ಸಮುದ್ರ ಸೇರುವ ಕಡೆ, ಡುಮಸ್ ಬಳಿ, ಇಳಿತದ ಕೆಸರು ಹರಡಿದೆ. ಗುಜರಾತಿಗಳು ಲೆವ್ಟಾ ಎನ್ನುವ ಮಡ್‌ಸ್ಕಿಪರ್ ಮೀನುಗಳು ಎದೆಯ ರೆಕ್ಕೆ ಊರಿ ತೆವಳುತ್ತಿವೆ. ತಲೆಯನ್ನು ಎಡಕ್ಕೆ ಬಲಕ್ಕೆ ಆಡಿಸುತ್ತ ಕೆಸರಿನ ಮೇಲಿನ ಪಾಚಿ ಕೆರೆಯುತ್ತವೆ. ಎದುರಾಳಿ ಬಂದರೆ ಬೆನ್ನಿನ ರೆಕ್ಕೆ ನಿಮಿರುತ್ತದೆ. ಖಂಭಾತ್ ಕೊಲ್ಲಿಯ ಭರತ ದೇಶದಲ್ಲೇ ಅತಿ ಎತ್ತರದ್ದು. ನೀರಿನ ಅಂಚು ಸರಿದು ಬರುತ್ತಿದ್ದಂತೆ ಮೀನುಗಳು ಬಿಲ ಸೇರುತ್ತವೆ, ಏಡಿಗಳು ಮಾಯವಾಗುತ್ತವೆ, ನಾನೂ ಚಪ್ಪಲಿ ಹಿಡಿದು ಹಿಂದೆ ಸರಿಯುತ್ತೇನೆ.

ಆಟದಲ್ಲೂ ಗಡಿಯಾರ ಓಡುತ್ತದೆ. ಹೊತ್ತು ಮುಗಿಯುವುದರೊಳಗೆ ರತ್ನಗಳನ್ನು ಆರಿಸಬೇಕು. ಹಳೆಯ ಆಟಗಳ ಕಾಠಿನ್ಯ ತಾಳದವರಿಗೆ ಹೊಸ ಆವೃತ್ತಿಯಲ್ಲಿ ಆಟವನ್ನು ಹಿಂದಕ್ಕೆ ಸರಿಸುವ ಸೌಕರ್ಯವೂ ಉಂಟು. ಆದರೆ ಆ ಗಡಿಯಾರ ಮೌಗ್ಲಿಯೊಬ್ಬನದು. ಕೋತಿಗೂ ಹಾವಿಗೂ ಹೊತ್ತು ಏರುವುದಿಲ್ಲ, ಹಸಿವಾಗುವುದಿಲ್ಲ. ಕಷ್ಟವೆಂದೋ ಹಳತೆಂದೋ ಈ ಆಟವನ್ನು ದೂರುವವರುಂಟು. ನನ್ನ ತಕರಾರು ಬೇರೆ. ಮೌಗ್ಲಿಯ ಓಟಕ್ಕೆ ಕೊಟ್ಟ ಗಮನದ ಕಾಲುಭಾಗವನ್ನು ಉಳಿದ ಪ್ರಾಣಿಗಳ ದಿನಚರಿಗೆ ಕೊಟ್ಟಿದ್ದರೆ, ಆಡುವ ಮಗು ಹೊಡೆಯುವ ಮೊದಲು ಒಂದಿಷ್ಟು ಹೊತ್ತು ಕಾದು ನೋಡುವುದನ್ನೂ ಕಲಿಯುತ್ತಿತ್ತು.