ಗೋಸುಂಬೆಗೆ ಬಾಳೆಹಣ್ಣಿನ ವಾಸನೆ ಬರುತ್ತದೆಯೇ?

ಕೃಷ್ಣಾ ನದಿಯ ಉತ್ತರಕ್ಕೆ ಮಖ್ತಲ್, ನಾರಾಯಣಪೇಟೆ, ದಕ್ಷಿಣಕ್ಕೆ ಗದ್ವಾಲ್. ತೆಲಂಗಾಣದ ಈ ಗಡಿ ಊರುಗಳಲ್ಲಿ ಕನ್ನಡ, ತೆಲುಗು ಎರಡೂ ಕಿವಿಗೆ ಬೀಳುತ್ತವೆ. ಇಲ್ಲಿಯ ಜಾಲಿ ಬೇಲಿಗಳಲ್ಲಿ ಗೋಸುಂಬೆ ಇರುತ್ತದೆ. ಊಸರವಳ್ಳಿ ಎನ್ನುವುದೂ ಇದನ್ನೇ. ತಲೆ ಆಡಿಸುವ ಓತಿಕ್ಯಾತ ಬೇರೆ.

ಮಖ್ತಲ್ ಸಮೀಪದ ಒಂದು ಮನೆಗೆ ನಾವು ಕುಟುಂಬ ಭೇಟಿಗೆ ಹೋದಾಗ ಆ ಮನೆಯ ಹುಡುಗ ರಟ್ಟಿನ ಪೆಟ್ಟಿಗೆಯೊಂದನ್ನು ತಂದು ಮುಂದಿಟ್ಟ. ಒಳಗೆ ಗೋಸುಂಬೆ. ಕಣ್ಣುಗಳು ಗುಳಿಬಿದ್ದಿದ್ದವು. ಸುತ್ತಲೂ ಅನ್ನ, ಬೆಲ್ಲ, ಬಾಳೆಹಣ್ಣು.

"ನಾಕು ದಿನ ಆತ್ರಿ ಫಾದರ್, ಏನೂ ತಿನ್ನವಲ್ದು. ಇದಕ್ಕ ವಾಸನಿ ಬರಂಗಿಲ್ಲೇನ್ರಿ?"

"ಬಾಯಾರಿರಬೇಕು, ಬಟ್ಟಲಲ್ಲಿ ನೀರಿಡು" ಎಂದು ನಾವು ತಿಳಿದವರಂತೆ ಹೇಳಿ ಬಂದೆವು. ರಾತ್ರಿ ಓದಿದಾಗ ಅದೂ ತಪ್ಪೆಂದು ತಿಳಿಯಿತು. ಬಟ್ಟಲಲ್ಲಿ ನಿಂತ ನೀರನ್ನು ಗೋಸುಂಬೆ ಸಾಮಾನ್ಯವಾಗಿ ಗುರುತಿಸುವುದೇ ಇಲ್ಲ. ಎಲೆಯ ಮೇಲಿನ ಹನಿಗಳನ್ನು ನೆಕ್ಕುತ್ತದೆ.

ಹುಡುಗನ ಪ್ರಶ್ನೆಗೂ ಉತ್ತರವಿತ್ತು. ಹಾವು, ಉಡಗಳು ನಾಲಿಗೆ ಚಾಚಿ ಗಾಳಿಯ ವಾಸನೆಯನ್ನು ಬಾಯಿಯ ಅಂಗಳದಲ್ಲಿರುವ ಒಂದು ಅಂಗಕ್ಕೆ ಮುಟ್ಟಿಸುತ್ತವೆ. ಗೋಸುಂಬೆಯಲ್ಲಿ ಆ ಅಂಗ ತೀರಾ ಕುಗ್ಗಿಹೋಗಿದೆ. ರುಚಿ ಮಾತ್ರ ಇಲ್ಲವೆನ್ನಲಾಗದು: ಹಿಡಿದ ಹುಳು ಒಗ್ಗದಿದ್ದರೆ ಉಗುಳಿಬಿಡುತ್ತದೆ. ಆದರೆ ಅದು ಬಾಯಿಗೆ ಬಿದ್ದ ಮೇಲಿನ ಮಾತು. ಊಟ ಹುಡುಕುವುದು ಕಣ್ಣೇ. ಎರಡು ಕಣ್ಣುಗಳೂ ಬೇರೆ ಬೇರೆ ದಿಕ್ಕಿಗೆ ತಿರುಗುತ್ತವೆ. ಹುಳು ಅಲುಗಾಡಿದರೆ ಎರಡೂ ಅದರತ್ತ ನೆಡುತ್ತವೆ. 1977ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಗೋಸುಂಬೆಗಳ ಕಣ್ಣ ಮುಂದೆ ಮಸೂರ ಇಟ್ಟಾಗ ದೂರದ ಅಂದಾಜು ತಪ್ಪಿತು. (ಕನ್ನಡಕ ಹಾಕಿದ ಗೋಸುಂಬೆಯನ್ನು ಊಹಿಸಿ ನಾವು ಒಬ್ಬರೇ ನಕ್ಕೆವು.) ಇನ್ನು ನಾಲಿಗೆಯೋ, ದೇಹಕ್ಕಿಂತ ಉದ್ದ ಚಿಮ್ಮುತ್ತದೆ. ಅದರ ತುದಿಯ ಲೋಳೆ ಮನುಷ್ಯರ ಜೊಲ್ಲಿಗಿಂತ ಸುಮಾರು 400 ಪಟ್ಟು ಮಂದವೆಂದು 2016ರಲ್ಲಿ ಅಳೆದರು. ಅಲುಗದ ಅನ್ನ ಅದರ ಪಾಲಿಗೆ ಊಟವೇ ಅಲ್ಲ.

ಮರುದಿನ ಬೆಳಿಗ್ಗೆ ಮತ್ತೆ ಹೋದೆವು. ಹುಡುಗ ಬಾಗಿಲಲ್ಲೇ ಕಾಯುತ್ತಿದ್ದ. "ತಿಂತ್ರಿ ಫಾದರ್! ಬಾಳೆಹಣ್ಣಿಗೆ ನೊಣ ಬಂತು, ನೊಣ ತಿಂತು!" ಹಣ್ಣಿನ ವಾಸನೆ ತಟ್ಟಿದ್ದು ನೊಣಕ್ಕೆ.

ಹಾಗಾದರೆ ದಿನಾ ನೊಣ ಕರೆಸಿ ಸಾಕೋಣ ಎಂಬುದು ಅವನ ಲೆಕ್ಕ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಡಿ ಇದು ರಕ್ಷಿತ ಪ್ರಾಣಿ, ಹಿಡಿದು ಸಾಕುವುದು ಅಪರಾಧ ಎಂದು ನಾವು ಹೇಳಲೇಬೇಕಾಯಿತು. ಅವನ ಕಣ್ಣು ತುಂಬಿತು. ಅಜ್ಜಿಗೆ ಬೇರೆಯೇ ಚಿಂತೆ: "ಅದು ವಿಷದ್ದಲ್ಲೇನ್ರಿ? ಬೈಬಲಿನಾಗೂ ಅಶುದ್ಧ ಅಂತ ಐತಲ್ಲ?" ವಿಷವಿಲ್ಲ. ಯಾಜಕಕಾಂಡ 11:30ರಲ್ಲಿ ಹಳೆಯ ಗ್ರೀಕ್ ಭಾಷಾಂತರ ಗೋಸುಂಬೆಯನ್ನು ಹೆಸರಿಸುವುದು ನಿಜ. ಅಲ್ಲಿನ ಮಾತು ತಿನ್ನಬಾರದು, ಸತ್ತದ್ದನ್ನು ಮುಟ್ಟಬಾರದು ಎಂಬುದು; ಕಂಡಲ್ಲಿ ಕಲ್ಲೆಸೆಯಿರಿ ಎಂದಲ್ಲ. ನಮ್ಮ ಹೊಲಗಳಲ್ಲಿ ಎಷ್ಟು ಗೋಸುಂಬೆಗಳು ಈ ಭಯಕ್ಕೇ ಸತ್ತಿವೆಯೋ.

ಸಂಜೆ ಹಿಡಿದ ಜಾಗಕ್ಕೇ ಹೋದೆವು. ಹುಡುಗ ಜಾಲಿಯ ಕೊಂಬೆಗೆ ನೀರು ಚಿಮುಕಿಸಿ ಪೆಟ್ಟಿಗೆ ವಾಲಿಸಿದ. ಗೋಸುಂಬೆ ಮುಂದಕ್ಕೊಮ್ಮೆ ಹಿಂದಕ್ಕೊಮ್ಮೆ ತೂಗುತ್ತ ಕೊಂಬೆ ಹಿಡಿಯಿತು, ಎಲೆಯ ಹನಿ ನೆಕ್ಕಿತು. ಒಂದು ಕಣ್ಣು ಎಲೆಯ ಕಡೆ, ಇನ್ನೊಂದು ನಮ್ಮ ಕಡೆ.

"ನನ್ನ ನೋಡಾಕತ್ತೈತಿ" ಎಂದ ಹುಡುಗ.