ಬಿಸಿ ರೊಟ್ಟಿಯ ಸರದಿ: ಬ್ಯಾಡಗಿ ಸೀಮೆಯ ಖಾನಾವಳಿ

ಖಾನಾವಳಿ ಎಂದರೆ ಉತ್ತರ ಕರ್ನಾಟಕದಲ್ಲಿ ನಿಗದಿತ ದುಡ್ಡಿಗೆ ಹೊಟ್ಟೆ ತುಂಬ ರೊಟ್ಟಿಯೂಟ ಹಾಕುವ ಮನೆ. ಚಹಾ, ಇಡ್ಲಿ, ದೋಸೆ, ಉಪ್ಪಿಟ್ಟು ಸಿಗುವ ಜಾಗವನ್ನು ಇಲ್ಲಿನ ಜನ ಹೋಟೆಲೆಂದು ಕರೆಯುತ್ತಾರೆ. ಕೈತೊಳೆದು, ಕೂತು, ಸಾವಕಾಶವಾಗಿ ಉಣ್ಣುವ ಜಾಗಕ್ಕೆ ಮಾತ್ರ ಖಾನಾವಳಿ ಎಂಬ ಹೆಸರನ್ನು ಉಳಿಸಿಕೊಂಡಿದ್ದಾರೆ. ಹುಬ್ಬಳ್ಳಿಯಿಂದ ಹರಿಹರದ ಕಡೆಗೆ ಸಾಗುವ ರೈಲುಹಾದಿಯಲ್ಲಿ ಒಂದರ ಹಿಂದೊಂದು ಬರುವ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರುಗಳಲ್ಲಿ ಈ ಭೇದ ಇಂದಿಗೂ ಸ್ಪಷ್ಟವಾಗಿದೆ. ಮನೆಯಲ್ಲಿ ದಿನವೂ ಉಣ್ಣುವ ರೊಟ್ಟಿ, ಕಾಳುಪಲ್ಯ, ಹಿಂಡಿ, ಮೊಸರುಗಳನ್ನೇ ಪರವೂರಿನಲ್ಲಿದ್ದಾಗಲೂ ಉಣ್ಣಬೇಕೆಂಬ ಹಟವೇ ಈ ಸಂಸ್ಥೆಯನ್ನು ಹುಟ್ಟಿಸಿದ್ದು. ಹೊಸ ರುಚಿಯ ಆಸೆ ಇದರ ಹುಟ್ಟಿನಲ್ಲಿ ಕಾಣುವುದಿಲ್ಲ. ಖಾನಾವಳಿಯ ಊಟವನ್ನು ಹೊಗಳುವಾಗ ಈ ಸೀಮೆಯವರು ಬಳಸುವ ಅತ್ಯುನ್ನತ ಮಾತು ‘ಥೇಟ್ ಮನಿ ಊಟ ಇದ್ದಂಗೈತಿ’ ಎಂಬುದೇ ಆಗಿರುವುದರಲ್ಲಿ ಅಚ್ಚರಿಯಿಲ್ಲ.

ಹೆಸರು ಮರಾಠಿಯ ಮೂಲಕ ಬಂದದ್ದು. ಇಂದಿನ ಹಾವೇರಿ ಜಿಲ್ಲೆ 1997ರಲ್ಲಿ ಧಾರವಾಡದಿಂದ ಬೇರ್ಪಟ್ಟಿತು. ಆ ಧಾರವಾಡ ಜಿಲ್ಲೆ 1956ರ ರಾಜ್ಯ ಪುನರ್ವಿಂಗಡಣೆಯವರೆಗೂ ಮುಂಬಯಿ ಆಡಳಿತಕ್ಕೆ ಸೇರಿತ್ತು. ಕಚೇರಿ, ಕೋರ್ಟು, ಪೇಟೆಗಳ ಭಾಷೆಯಲ್ಲಿ ಮರಾಠಿಯ ಅನೇಕ ಪದಗಳು ಉಳಿದುಕೊಂಡಂತೆ ಈ ವ್ಯವಸ್ಥೆಯೂ ಉಳಿದುಕೊಂಡಿತು. ಮುಂಬಯಿಯ ಗಿರಣಿ ಪ್ರದೇಶದಲ್ಲಿ ಹೆಂಡರು ಮಕ್ಕಳನ್ನು ಊರಲ್ಲಿ ಬಿಟ್ಟು ಬಂದ ಕೂಲಿಕಾರರಿಗೆ ತಿಂಗಳ ಲೆಕ್ಕದಲ್ಲಿ ಊಟ ಹಾಕುತ್ತಿದ್ದವರು ಬಹುಮಟ್ಟಿಗೆ ಹೆಣ್ಣುಮಕ್ಕಳು. ಸಾಲದ ಸುಳಿಯಲ್ಲಿ ಸಿಕ್ಕಿದ್ದ ಆ ಹೆಂಗಸರನ್ನು ಸಂಘಟಿಸಿ 1975ರಲ್ಲಿ ಪ್ರೇಮಾ ಪುರವ್ ಅವರು ಅನ್ನಪೂರ್ಣಾ ಮಹಿಳಾ ಮಂಡಲವನ್ನು ಕಟ್ಟಿದರು. ಕನ್ನಡ ಸೀಮೆಯ ಖಾನಾವಳಿಗಳಲ್ಲೂ ದುಡಿಮೆಯ ಮೂಲ ಸ್ವರೂಪ ಅದೇ. ಫಲಕದ ಮೇಲೆ ದೇವರ ಹೆಸರೋ ಯಜಮಾನರ ಹೆಸರೋ ಇದ್ದರೂ ಒಲೆಯ ಮುಂದೆ ಕೂತಿರುವವಳು ಹೆಂಗಸು.

ಫಲಕಗಳ ವಿಷಯದಲ್ಲಿ ಇನ್ನೊಂದು ಸಂಗತಿಯನ್ನು ಮುಚ್ಚಿಡದೆ ಹೇಳಬೇಕು. ‘ಲಿಂಗಾಯತ ಖಾನಾವಳಿ’ ಎಂಬ ಬರಹ ಈ ಭಾಗದ ಊರುಗಳಲ್ಲಿ ಸಾಮಾನ್ಯವಾದದ್ದು. ಹುಬ್ಬಳ್ಳಿ, ಗದಗಗಳ ಕಡೆಯಿಂದ ಹಬ್ಬಿದ, ಸೋಮವಂಶ ಸಹಸ್ರಾರ್ಜುನ ಕ್ಷತ್ರಿಯರ ಖಾರವಾದ ಮಾಂಸದಡುಗೆಗೆ ಹೆಸರಾದ ಸಾವಜಿ ಖಾನಾವಳಿಗಳೂ ಜಾತಿಯ ಗುರುತನ್ನೇ ಹೊತ್ತಿವೆ. ಯಾರ ಕೈಯ ಅಡುಗೆ, ಪಕ್ಕದಲ್ಲಿ ಕೂತು ಉಣ್ಣುವವರು ಯಾರು ಎಂಬ ಪ್ರಶ್ನೆಗಳಿಗೆ ಉತ್ತರ ಸಿಗದೆ ಜನ ಹೊರಗೆ ಉಣ್ಣಲು ಒಪ್ಪದಿದ್ದ ಕಾಲದಲ್ಲಿ ಆ ಫಲಕ ಒಂದು ಭರವಸೆಯಾಗಿಯೂ ಒಂದು ಬೇಲಿಯಾಗಿಯೂ ಕೆಲಸ ಮಾಡಿತು. ಇಂದು ಆ ಬರಹ ಬಹಳ ಕಡೆ ಸಸ್ಯಾಹಾರದ ರೊಟ್ಟಿಯೂಟ ಸಿಗುತ್ತದೆ ಎಂಬ ಸೂಚನೆಯಷ್ಟೇ ಆಗಿ ಉಳಿದಿದೆಯಾದರೂ ಅದರ ಹಳೆಯ ಅರ್ಥವನ್ನು ಮರೆಯುವುದು ಸರಿಯಲ್ಲ. ರಾಗಿಗೂ ಭತ್ತಕ್ಕೂ ವಾದ ಹೂಡಿಸಿ, ಬಡವರ ಧಾನ್ಯವಾದ ರಾಗಿಯನ್ನು ರಾಮನಿಂದಲೇ ಗೆಲ್ಲಿಸಿದ ‘ರಾಮಧಾನ್ಯ ಚರಿತೆ’ಯ ಕರ್ತೃ ಕನಕದಾಸರು ನೆಲೆಸಿದ ಕಾಗಿನೆಲೆ ಇರುವುದು ಇದೇ ಬ್ಯಾಡಗಿ ತಾಲ್ಲೂಕಿನಲ್ಲಿ. ಊಟದ ಮೇಲುಕೀಳನ್ನು ಕಾವ್ಯದ ವಸ್ತುವಾಗಿಸಿದ ಕವಿಯ ನೆಲದಲ್ಲಿ ಈ ಪ್ರಶ್ನೆ ಹೊಸದಲ್ಲ.

ಬ್ಯಾಡಗಿಯಲ್ಲಿ ಖಾನಾವಳಿಯ ಅಗತ್ಯ ಹೆಚ್ಚಿರುವುದಕ್ಕೆ ಕಾರಣ ಮೆಣಸಿನಕಾಯಿ. ತೆಳ್ಳಗೆ, ಉದ್ದವಾಗಿ, ಸುಕ್ಕುಗಟ್ಟಿರುವ ‘ಕಡ್ಡಿ’, ಗಿಡ್ಡವಾಗಿ ದುಂಡಗಿರುವ ‘ಡಬ್ಬಿ’ ಎಂಬ ಎರಡು ಬಗೆಗಳಲ್ಲಿ ಬರುವ ಬ್ಯಾಡಗಿ ಮೆಣಸಿನಕಾಯಿ ಖಾರಕ್ಕಿಂತ ಬಣ್ಣಕ್ಕೆ ಹೆಸರಾದದ್ದು. ಅದಕ್ಕೆ 2011ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ, ಅಂದರೆ ನಿರ್ದಿಷ್ಟ ಪ್ರದೇಶದ ಉತ್ಪನ್ನವೆಂಬ ಕಾನೂನುಬದ್ಧ ಗುರುತು, ದೊರೆಯಿತು. ಸೋಮವಾರ ಮತ್ತು ಗುರುವಾರ ನಡೆಯುವ ಇಲ್ಲಿನ ಪೇಟೆಗೆ ಗದಗ, ಕೊಪ್ಪಳ, ಬಳ್ಳಾರಿ, ರಾಯಚೂರು ಜಿಲ್ಲೆಗಳಿಂದಲೂ ಆಂಧ್ರದ ಗಡಿಭಾಗದಿಂದಲೂ ಚೀಲಗಳು ಬರುತ್ತವೆ. ಹಿಂದಿನ ರಾತ್ರಿಯೇ ಲಾರಿಯೊಂದಿಗೆ ಬಂದು, ದಲಾಲಿ ಅಂಗಡಿಯ ಮುಂದೆ ಚೀಲಗಳ ಪಕ್ಕದಲ್ಲೇ ಮಲಗಿ, ಟೆಂಡರ್ ತೆರೆದು ದರ ಗೊತ್ತಾಗುವವರೆಗೆ ಕಾಯುವ ರೈತ, ಚೀಲ ಹೊರುವ ಹಮಾಲ, ದಾಸ್ತಾನಿನ ಲೆಕ್ಕ ಬರೆಯುವ ಗುಮಾಸ್ತ, ಲಾರಿಯ ಚಾಲಕ, ಕ್ಲೀನರ್ ಇವರೆಲ್ಲರಿಗೂ ಮಧ್ಯಾಹ್ನಕ್ಕೆ ಬೇಕಾದದ್ದು ರೊಟ್ಟಿ. ಕೆಂಪು ಘಾಟು ಗಾಳಿಯಲ್ಲಿ ತುಂಬಿ ಹೊರಗಿನವರಿಗೆ ಸೀನು ತಡೆಯಲಾಗದ ಹೊತ್ತಿನಲ್ಲಿ ಪೇಟೆಯ ಸುತ್ತಲಿನ ಖಾನಾವಳಿಗಳಲ್ಲಿ ಜಾಗಕ್ಕಾಗಿ ನಿಂತು ಕಾಯಬೇಕಾಗುತ್ತದೆ.

ತಾಟಿನಲ್ಲಿ ಬರುವ ಊಟದ ಕ್ರಮ ಹೀಗಿದೆ. ಎರಡು ಪಲ್ಯಗಳಲ್ಲಿ ಒಂದು ಕಾಳಿನದು, ಅಂದರೆ ಮಡಕಿ, ಹೆಸರು ಅಥವಾ ಅಲಸಂದಿಯದು. ಇನ್ನೊಂದು ಕಾಯಿಪಲ್ಯ ಅಥವಾ ಸೊಪ್ಪು. ಎಳೆಯ ಬದನೆಕಾಯಿಯನ್ನು ತೊಟ್ಟು ಬಿಡಿಸದೆ ನಾಲ್ಕಾಗಿ ಸೀಳಿ, ಹುರಿದ ಶೇಂಗಾ, ಎಳ್ಳು, ಒಣಕೊಬ್ಬರಿ, ಹುಣಸೆ, ಬೆಲ್ಲ, ಮಸಾಲೆಗಳನ್ನು ತುಂಬಿ ಎಣ್ಣೆಯಲ್ಲಿ ಬೇಯಿಸಿದ ಎಣ್ಣೆಗಾಯಿ ಇದ್ದ ದಿನ ಉಣ್ಣುವವರ ಸಂಖ್ಯೆ ಹೆಚ್ಚುತ್ತದೆ. ಹುಳಿಯಾದ ಪುಂಡಿಪಲ್ಯ, ಕಡಲೆಹಿಟ್ಟನ್ನು ಒಗ್ಗರಣೆಯಲ್ಲಿ ಕುದಿಸಿ ಗಟ್ಟಿ ಮಾಡಿದ ಜುಣಕ ಸರದಿಯಂತೆ ಬರುತ್ತವೆ. ತಾಟಿನ ಅಂಚಿಗೆ ಹಿಂಡಿ, ಅಂದರೆ ಚಟ್ನಿಪುಡಿ: ಶೇಂಗಾದ್ದು, ಅಗಸಿಯದ್ದು, ಗುರೆಳ್ಳಿನದ್ದು. ಅದರ ಮೇಲೆ ಮೊಸರು ಇಲ್ಲವೆ ಎಣ್ಣೆ ಹಾಕಿಸಿಕೊಳ್ಳುತ್ತಾರೆ. ಹಣ್ಣಾದ ಕೆಂಪು ಮೆಣಸಿನಕಾಯಿಯನ್ನು ಬೆಳ್ಳುಳ್ಳಿ, ಉಪ್ಪು, ಹುಳಿಯೊಂದಿಗೆ ಅರೆದ ರಂಜಕ ಬೇಕೆಂದವರಿಗೆ ಅದೂ ಸಿಗುತ್ತದೆ. ಹಸಿ ಮೆಂತ್ಯಸೊಪ್ಪು, ಸೌತೆಕಾಯಿ, ಉಳ್ಳಾಗಡ್ಡಿಗಳನ್ನು ಬೇಯಿಸದೆಯೇ ಕೊಡುವುದು ಇಲ್ಲಿನ ವಿಶೇಷ. ಖಾರವನ್ನೂ ಎಣ್ಣೆಯನ್ನೂ ಹದಕ್ಕೆ ತರುವ ಕೆಲಸ ಆ ಹಸಿಸೊಪ್ಪಿನದು. ಕೊನೆಗೆ ಅನ್ನ, ಸಾರು, ಮಜ್ಜಿಗೆ ಬರುತ್ತವೆ, ಆದರೆ ಅವು ಊಟದ ಮುಗಿತಾಯವಷ್ಟೇ.

ಖಾನಾವಳಿಯ ಯೋಗ್ಯತೆ ತೀರ್ಮಾನವಾಗುವುದು ರೊಟ್ಟಿಯಿಂದ, ಮತ್ತು ಜೋಳದ ರೊಟ್ಟಿ ಕಷ್ಟದ ಕಸಬು. ಗೋಧಿಯ ಹಿಟ್ಟನ್ನು ಹಿಡಿದಿಡುವ ಗ್ಲುಟೆನ್ ಎಂಬ ಅಂಟು ಜೋಳದಲ್ಲಿಲ್ಲವಾದ್ದರಿಂದ ಅದನ್ನು ಚಪಾತಿಯಂತೆ ತಣ್ಣೀರಿನಲ್ಲಿ ಕಲಸಿ ಲಟ್ಟಿಸಲು ಹೋದರೆ ಬಿರಿದುಹೋಗುತ್ತದೆ. ಕುದಿಯುವ ನೀರನ್ನು, ಅಂದರೆ ಎಸರನ್ನು, ಹಿಟ್ಟಿನ ನಡುವೆ ಸುರಿದಾಗ ಪಿಷ್ಟ ಅರೆಬೆಂದು ‘ಜಿಗಿ’ ಬರುತ್ತದೆ. ಆ ಜಿಗಿಯನ್ನು ಅಂಗೈಯ ಬುಡದಿಂದ ಬಲವಾಗಿ ನಾದಿ ಹೆಚ್ಚಿಸಬೇಕು. ಹಿಟ್ಟು ಬೀಸಿ ಬಹಳ ದಿನವಾಗಿದ್ದರೆ ಎಷ್ಟು ನಾದಿದರೂ ಜಿಗಿ ಸಾಲದು, ಆದ್ದರಿಂದ ಒಳ್ಳೆಯ ಖಾನಾವಳಿಗಳು ಗಿರಣಿಗೆ ಪದೇ ಪದೇ ಜೋಳ ಕಳಿಸುತ್ತವೆ. ಉಂಡೆಯನ್ನು ಒಣಹಿಟ್ಟಿನ ಮೇಲಿಟ್ಟು ಎರಡೂ ಕೈಗಳಿಂದ ಬಡಿಯುತ್ತ, ಬಡಿದಂತೆ ಅದು ತಾನೇ ತಿರುಗುವಂತೆ ಮಾಡುತ್ತ, ನಡುವಿಗೂ ಅಂಚಿಗೂ ದಪ್ಪದಲ್ಲಿ ವ್ಯತ್ಯಾಸ ಬಾರದಂತೆ ಹರವಿ, ಹರಿಯದಂತೆ ಎತ್ತಿ ಹಂಚಿಗೆ ಹಾಕಬೇಕು. ಮೇಲ್ಮೈಗೆ ಒದ್ದೆಬಟ್ಟೆಯಿಂದ ನೀರು ಸವರಿ, ಅದು ಆರುವ ಹೊತ್ತಿಗೆ ಸರಿಯಾಗಿ ತಿರುವಿ ಹಾಕಿದರೆ ರೊಟ್ಟಿ ಉಬ್ಬುತ್ತದೆ. ಕ್ಷಣ ತಡವಾದರೆ ಬಿರುಕು ಬಿಡುತ್ತದೆ. ಇದೇ ರೊಟ್ಟಿಯನ್ನು ಇನ್ನೂ ತೆಳ್ಳಗೆ ಬಡಿದು, ಸಣ್ಣ ಉರಿಯಲ್ಲಿ ನೀರಿನಂಶವೆಲ್ಲ ಹೋಗುವವರೆಗೆ ಸುಟ್ಟರೆ ವಾರಗಟ್ಟಲೆ ಕೆಡದ ಕಟಕ ರೊಟ್ಟಿಯಾಗುತ್ತದೆ.

ಬೆಂಕಿಯ ಎದುರು ಗಂಟೆಗಟ್ಟಲೆ ಕೂತು, ಬೆನ್ನು ನೋವು ನುಂಗಿಕೊಂಡು, ಸುಡುವ ಹಿಟ್ಟಿನಲ್ಲಿ ಕೈಯಾಡಿಸುವ ಈ ದುಡಿಮೆಯನ್ನು ಕೌಶಲವೆಂದು ಲೆಕ್ಕಿಸುವ ರೂಢಿ ನಮ್ಮ ಸಮಾಜದಲ್ಲಿ ಇನ್ನೂ ಬಂದಿಲ್ಲ. ಮನೆಯಲ್ಲಿ ತಾಯಿಯಿಂದ ಮಗಳು ಕಲಿಯುವ ವಿದ್ಯೆಯಾದ್ದರಿಂದ ಅದಕ್ಕೆ ಬೆಲೆ ಕಟ್ಟುವಾಗ ಎಲ್ಲರ ಕೈ ಹಿಂದಾಗುತ್ತದೆ. ನೇಕಾರಿಕೆಗೂ ಕುಂಬಾರಿಕೆಗೂ ಸಲ್ಲುವ ಕಸುಬಿನ ಗೌರವ ರೊಟ್ಟಿ ಬಡಿಯುವುದಕ್ಕೂ ಸಲ್ಲಬೇಕಾದದ್ದು, ಮತ್ತು ಆ ಗೌರವ ಮೊದಲು ಕೂಲಿಯಲ್ಲಿ ಕಾಣಬೇಕಾದದ್ದು.

ರೊಟ್ಟಿಯ ಜೋಳದ ಕಥೆಯೂ ಬದಲಾಗಿದೆ. ಹಾವೇರಿ ಜಿಲ್ಲೆಯ ಹೊಲಗಳಲ್ಲಿ ಈಗ ಹೆಚ್ಚಾಗಿ ಕಾಣುವುದು ಗೋವಿನಜೋಳ, ಅಂದರೆ ಮೆಕ್ಕೆಜೋಳ. ಅದರ ಬಹುಪಾಲು ಕೋಳಿ ಮತ್ತು ದನಗಳ ಆಹಾರಕ್ಕೆ, ಕಾರ್ಖಾನೆಗಳಿಗೆ ಹೋಗುತ್ತದೆ. ಹತ್ತಿ, ಮೆಣಸಿನಕಾಯಿ, ಬೀಜೋತ್ಪಾದನೆಗಳೂ ನೆಲವನ್ನು ಹಂಚಿಕೊಂಡಿವೆ. ಮನೆಗೆ ಬೇಕಾದಷ್ಟು ಬಿಳಿಜೋಳವನ್ನು ಹಿಂಗಾರಿಯಲ್ಲಿ ಬಿತ್ತಿಕೊಳ್ಳುವವರು ಕಡಿಮೆಯಾದಂತೆ ವಿಜಯಪುರ, ಗದಗಗಳ ಎರೆಭೂಮಿಯಲ್ಲಿ ಬೆಳೆದ ಜೋಳವನ್ನು ಪೇಟೆಯಿಂದ ತರುವುದು ಹೆಚ್ಚಾಗಿದೆ.

ಹೊರಗೆ ಉಣ್ಣುವ ಹಳೆಯ ಪದ್ಧತಿಗಳಲ್ಲಿ ಹಣದ ಮಾತೇ ಇರಲಿಲ್ಲ. ಶೀಗಿ ಹುಣ್ಣಿಮೆ ಮತ್ತು ಎಳ್ಳ ಅಮಾವಾಸ್ಯೆಯ ದಿನ ಮನೆಮಂದಿಯೆಲ್ಲ ಚಕ್ಕಡಿ ಹೂಡಿಕೊಂಡು ಹೊಲಕ್ಕೆ ಹೋಗಿ, ಬೆಳೆಗೆ ಪೂಜೆ ಮಾಡಿ, ಅಡುಗೆಯನ್ನು ಹೊಲದ ತುಂಬ ಚೆಲ್ಲಿ ಭೂಮಿಗೆ ಉಣಿಸುವ ‘ಚರಗ’ ಮುಗಿದ ಮೇಲೆ, ಬೀಗರು, ಗೆಳೆಯರೊಂದಿಗೆ ಸಾಲಾಗಿ ಕೂತು ಉಣ್ಣುತ್ತಾರೆ. ಹೋಳಿಗೆ, ಕಡುಬು, ಸಜ್ಜಿರೊಟ್ಟಿ, ಬಗೆಬಗೆಯ ಪಲ್ಯಗಳಿರುವ ಆ ಊಟ ಇಂದಿಗೂ ನಡೆಯುತ್ತದೆ. ಪ್ರಯಾಣಕ್ಕೆ ಹೊರಟವರು ಬುತ್ತಿ ಕಟ್ಟಿಕೊಳ್ಳುತ್ತಿದ್ದರು. ದುಡ್ಡು ಕೊಟ್ಟು ಉಣ್ಣುವ ಖಾನಾವಳಿ ಬಂದ ಮೇಲೂ ಹೆಂಗಸರು ಅದರೊಳಗೆ ಬಂದು ಉಣ್ಣುವುದು ಬಹುಕಾಲ ಅಪರೂಪವಾಗಿತ್ತು. ಅಡುಗೆ ಮಾಡುವವರು ಹೆಂಗಸರು, ಉಣ್ಣುವವರು ಗಂಡಸರು ಎಂಬ ಆ ವಿಭಜನೆ ಮುರಿದು ಸಂಸಾರಸಮೇತ ಬರುವುದು ಸಹಜವಾಗಿರುವುದು ಈಚಿನ ಒಳ್ಳೆಯ ಬದಲಾವಣೆ.

ಖಾನಾವಳಿಯಲ್ಲಿ ಉಣ್ಣುವುದಕ್ಕೂ ಮಾತಾಡುವುದಕ್ಕೂ ಬಿಡಿಸಲಾಗದ ನಂಟಿದೆ, ಏಕೆಂದರೆ ಬಿಸಿ ರೊಟ್ಟಿ ಒಂದೊಂದಾಗಿ ಹಂಚಿನಿಂದಿಳಿದು ಬರಬೇಕು, ಆ ಸರದಿಯ ನಡುವಿನ ಹೊತ್ತು ಮಾತಿಗೆ ಸಲ್ಲುತ್ತದೆ. ಒಂದೇ ಟೇಬಲ್ಲಿಗೆ ಕೂತ ಅಪರಿಚಿತರ ನಡುವೆ ‘ಯಾವೂರ್ರಿ ನಿಮ್ದು?’ ಎಂಬ ಪ್ರಶ್ನೆಯಿಂದ ಶುರುವಾಗುವ ಮಾತು ‘ಮಳಿ ಹೆಂಗೈತ್ರಿ ನಿಮ್ಮ ಕಡೆ?’ ಎಂಬಲ್ಲಿಗೆ, ಅಲ್ಲಿಂದ ‘ರೇಟ್ ಏನ್ ಹೊಂಟೈತ್ರಿ?’ ಎಂಬಲ್ಲಿಗೆ ಬರುತ್ತದೆ. ದರ ಚೆನ್ನಾಗಿದ್ದರೆ ಮಗಳ ಮದುವೆ, ಮನೆಯ ಮೇಲ್ಛಾವಣಿ, ಬೋರ್‌ವೆಲ್ಲುಗಳ ಪ್ರಸ್ತಾಪ. ಬಿದ್ದಿದ್ದರೆ ಮಾಲನ್ನು ಶೈತ್ಯಾಗಾರದಲ್ಲಿಟ್ಟು ಕಾಯುವುದೋ ಬಂದಷ್ಟಕ್ಕೆ ಕೊಡುವುದೋ ಎಂಬ ಚರ್ಚೆ. ಬಡಿಸುವವನು ಹಿರಿಯರನ್ನು ‘ಯಜಮಾನ್ರ’, ‘ಕಾಕಾರ’ ಎಂದೂ ಉಣ್ಣುವವರು ಒಳಗಿನ ಹೆಂಗಸನ್ನು ‘ಯಕ್ಕಾ’, ‘ಅವ್ವಾರ’ ಎಂದೂ ಕರೆಯುತ್ತಾರೆ. ‘ಇನ್ನೊಂದ್ ಬಿಸಿ ರೊಟ್ಟಿ ಹಾಕ್ಲಿರಿ?’ ಎಂದಾಗ ‘ಸಾಕ್ರಿ’ ಎಂಬ ಬಾಯಿಮಾತನ್ನು ಯಾರೂ ನಂಬುವುದಿಲ್ಲ. ತಾಟಿನ ಮೇಲೆ ಕೈ ಅಡ್ಡ ಹಿಡಿದಾಗಲೇ ಅದು ಖರೆಯೆಂದು ತಿಳಿಯುತ್ತಾರೆ. ಊಟವಾದ ಮೇಲೆ ಹೆಸರಾಂತ ಸವಣೂರು ಎಲೆ, ಅಡಿಕೆ, ಸುಣ್ಣ ಸಿಕ್ಕರೆ ಮಾತು ಕಟ್ಟೆಯ ಮೇಲೂ ಮುಂದುವರಿಯುತ್ತದೆ.

ಸಂಜೆಯ ಹರಟೆಗೆ ಜಾಗ ಬೇರೆ. ದಪ್ಪ ಹಸಿಮೆಣಸಿನಕಾಯಿಯನ್ನು ಕಡಲೆಹಿಟ್ಟಿನಲ್ಲಿ ಅದ್ದಿ ಕರಿದ ಮಿರ್ಚಿ ಭಜಿ, ಬೇಯಿಸಿದ ಉಳ್ಳಾಗಡ್ಡಿ–ಹುಣಸೆ ಮಸಾಲೆಯಲ್ಲಿ ಮಂಡಕ್ಕಿಯನ್ನು ಕಲಸಿ ಪುಟಾಣಿ ಹಿಟ್ಟು ಉದುರಿಸಿದ ಗಿರ್ಮಿಟ್ ಇವೆರಡೂ ಸೇರಿದ ಕೈಗಾಡಿಯ ಸುತ್ತ ಊರು ನೆರೆಯುತ್ತದೆ. ರಾಣೆಬೆನ್ನೂರು ದಾಟಿ ದಕ್ಷಿಣಕ್ಕೆ ಹೋದಂತೆ ದಾವಣಗೆರೆಯ ಖಾರ ಮಂಡಕ್ಕಿ, ಬೆಣ್ಣೆದೋಸೆಗಳ ಸೀಮೆ ಆರಂಭವಾಗುವುದರಿಂದ ಆ ಊರಿನಲ್ಲಿ ಎರಡೂ ಕಡೆಯ ರುಚಿಗಳು ಸಿಗುತ್ತವೆ.

ಬ್ಯಾಡಗಿಯ ಖಾನಾವಳಿಯನ್ನು ಅದರ ಪೂರ್ಣ ಚಟುವಟಿಕೆಯಲ್ಲಿ ನೋಡಬೇಕೆಂದವರು ಹೊಸ ಮೆಣಸಿನಕಾಯಿ ಪೇಟೆಗೆ ಬರುವ ಜನವರಿಯಿಂದ ಏಪ್ರಿಲ್‌ವರೆಗಿನ ಯಾವುದಾದರೂ ಸೋಮವಾರವೋ ಗುರುವಾರವೋ ನಡುಮಧ್ಯಾಹ್ನಕ್ಕೆ ಹೋಗಬೇಕು. ಜನದ ನುಗ್ಗಾಟ ಇಳಿದ ಮೇಲೆ ರೊಟ್ಟಿ ಬಡಿಯುವವರು ತಾವು ಉಣ್ಣಲು ಕೂಡುತ್ತಾರೆ. ಆ ಹೊತ್ತಿಗೆ ಬಂದವರು ಬಿಸಿ ರೊಟ್ಟಿಗೆ ಒತ್ತಾಯಿಸದೆ ಕಟಕ ರೊಟ್ಟಿ, ಉಳಿದ ಪಲ್ಯ, ಗಟ್ಟಿ ಮೊಸರು ಹಾಕಿಸಿಕೊಂಡು ಉಣ್ಣುತ್ತಾರೆ.